ಅರವತ್ಮೂರನೆಯ ಪುಟದ ಚೀಟಿ

ಮೂವತ್ತೊಂದು ವರ್ಷ ನನ್ನ ಗಂಡ ಸರಕಾರದ ಪುಸ್ತಕಗಳಿಗೆ ಚೀಟಿ ಅಂಟಿಸಿದರು. ಅದೇ ಅವರ ನೌಕರಿ. ಯಾರಾದರೂ "ನಿಮ್ಮ ಯಜಮಾನ್ರು ಏನ ಮಾಡ್ತಾರ್ರಿ" ಎಂದು ಕೇಳಿದರೆ "ಡಿಪೋದಾಗ ಕ್ಲಾರ್ಕ್ ಇದ್ದಾರ" ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಚೀಟಿಯ ವಿಷಯ ತಿಳಿಸಿ ಹೇಳಬೇಕೆಂದರೆ ಅರ್ಧ ತಾಸು ಬೇಕು, ತಿಳಿದ ಮೇಲೆ ಕೇಳಿದವರು ನಗುತ್ತಾರೆ. ಎರಡೂ ನನಗೆ ಬೇಡವಾಗಿತ್ತು.

ವಿಷಯ ಇಷ್ಟೇ. ಪುಣೆಯ ಹತ್ತಿರ ದೇಹೂ ರೋಡಿನ ಕಡೆ ಒಂದು ಸರಕಾರಿ ಡಿಪೋ. ಹೆಸರು ಬರೆಯುವುದಿಲ್ಲ, ಪೆನ್ಶನ್ ಇನ್ನೂ ಬರುತ್ತಿದೆ. ಅಲ್ಲಿನ ಲಾರಿ, ಜೀಪು, ಟ್ರ್ಯಾಕ್ಟರ್, ಕ್ರೇನು ಪ್ರತಿಯೊಂದಕ್ಕೂ ಒಂದು ರಿಪೇರಿ ಪುಸ್ತಕ ಇರುತ್ತಿತ್ತು. ಗಾಡಿ ತಯಾರಿಸಿದ ಕಂಪನಿ ಮುಂದೆ ಯಾವುದಾದರೂ ಅಳತೆ ಬದಲಾಯಿಸಿದರೆ ಇಡೀ ಪುಸ್ತಕವನ್ನು ಮತ್ತೆ ಕಳಿಸುವುದಿಲ್ಲ. ಬದಲಾದ ನಾಲ್ಕು ಸಾಲುಗಳನ್ನಷ್ಟೇ ಅಚ್ಚು ಮಾಡಿ ಚೀಟಿ ಕಳಿಸುತ್ತದೆ. ಆ ಚೀಟಿಯನ್ನು ಕತ್ತರಿಸಿ, ಹೇಳಿದ ಪುಟದಲ್ಲಿ ಹಚ್ಚಿ, ಪುಸ್ತಕದ ಮೊದಲ ಪುಟದಲ್ಲಿ ತಾರೀಖು ಬರೆದು ಸಹಿ ಮಾಡಬೇಕು. ಸಹಿ ಮಾಡುವವರು ಮಾರ್ತಾಂಡ ಗಲಗಲಿ, ನನ್ನ ಗಂಡ.

ಆಫೀಸಿನ ಗೋಂದು ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತದೆ ಎಂದು ಇವರಿಗೆ ಸಿಟ್ಟು. ಹಾಗಾಗಿ ಅಂಟು ನಮ್ಮ ಮನೆಯಲ್ಲೇ ತಯಾರಾಗಬೇಕು. ಮೈದಾ ಹಿಟ್ಟು, ನೀರು, ಹುಳ ಹತ್ತದ ಹಾಗೆ ಚೂರು ಮೈಲುತುತ್ತು. ಪ್ರತಿ ಸೋಮವಾರ ಬೆಳಿಗ್ಗೆ ಚಹಾಕ್ಕಿಂತ ಮೊದಲು ನಮ್ಮ ಸ್ಟೋವಿನ ಮೇಲೆ ಸರಕಾರದ ಅಂಟು ಕುದಿಯುತ್ತಿತ್ತು. ಅದಕ್ಕೆ ಬೇರೆಯೇ ಪಾತ್ರೆ, ಬೇರೆಯೇ ಸೌಟು. ಅರವತ್ತೆಂಟರಲ್ಲಿ ನಾನು ಬೆಳಗಾವಿಯಿಂದ ಮದುವೆಯಾಗಿ ಬಂದ ಮೊದಲ ವಾರವೇ ಇವರು ಪಕ್ಕದಲ್ಲಿ ನಿಂತು "ಗಂಟ ಆಗಬಾರದು ನೋಡು" ಎಂದು ಕಲಿಸಿದ್ದರು. ನಮ್ಮತ್ತೆ ಶಿರಾ ಮಾಡುವುದನ್ನು ಕೂಡ ಇಷ್ಟು ಮುತುವರ್ಜಿಯಿಂದ ಕಲಿಸಲಿಲ್ಲ.

ಇವರ ಕೆಲಸ ಅಚ್ಚುಕಟ್ಟು. ಚೀಟಿ ಹಚ್ಚಿದ್ದು ಕಣ್ಣಿಗೆ ಕಾಣಬಾರದು, ಬೆರಳಿಗೂ ಹತ್ತಬಾರದು, ಇದು ಇವರ ನಿಯಮ. ಬೇರೆ ಕ್ಲಾರ್ಕುಗಳು ಪುಟದ ಅಂಚಿನಲ್ಲಿ ಚೀಟಿಯ ತುದಿಯನ್ನು ಬಾಲದ ಹಾಗೆ ಹೊರಗೆ ಬಿಟ್ಟು ಅಂಟಿಸುತ್ತಿದ್ದರಂತೆ. ಅದನ್ನು ಹೇಳುವಾಗ ಇವರ ಮುಖ ನೋಡಬೇಕು, ಯಾರೋ ಸ್ನಾನ ಮಾಡದೆ ಊಟಕ್ಕೆ ಕೂತರೆ ಮಾಡುವ ಮುಖ.

ತೊಂಬತ್ತಾರರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಸಾಹೇಬರು ಭಾಷಣ ಮಾಡಿ, ಗಲಗಲಿಯವರ ಪುಸ್ತಕಗಳಲ್ಲಿ ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪೂ ಸಿಗಲಿಲ್ಲ ಎಂದರು. ನಾನು ಮುಂದಿನ ಸಾಲಿನಲ್ಲಿ ಕೂತು ಹೆಮ್ಮೆಪಟ್ಟೆ. ಮನೆಗೆ ಬಂದು ಹಾರ ತೆಗೆದು ಮೊಳೆಗೆ ಹಾಕಿದ ಮೇಲೆ ಇವರು ಹೇಳಿದ್ದು ಇನ್ನೂ ನೆನಪಿದೆ.

"ತಪ್ಪ ಸಿಗಬೇಕಾದ್ರ ಪುಸ್ತಕಾ ತಗೀಬೇಕಲ್ಲ. ಯಾವ ಮಿಸ್ತ್ರಿನೂ ತಗೀಲಿಲ್ಲ. ಕಿವಿಗೊಟ್ಟು ಕೇಳಿ ಗಾಡಿ ರಿಪೇರಿ ಮಾಡ್ತಿದ್ರು. ಹೊಳ್ಯಾಗ ಹುಣಸಿಹಣ್ಣು ತೊಳಧಂಗ ಆತು."

"ಹಂಗಾದ್ರ ನಾ ಅಂಟ ಕುದಿಸಿದ್ದು?" ಎಂದು ಕೇಳಿದೆ.

"ಅದೂ ಅಷ್ಟ."

ಇವರಿಗೆ ಇವರ ಬೇಸರ, ನನಗೆ ನನ್ನದು. ಆದರೆ ಅಂದಿನಿಂದ ಇವರು ಒಂದು ನಮೂನೆ ಬಳಲಿದ ಹಾಗಾದರು. ಮೈಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಎದ್ದು ಪೇಪರು ಓದುವುದು, ಓದಿದ ಪೇಪರನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವುದು, ಮಂಚದ ಮೇಲೆ ಕೂಡುವುದು. ಐದು ವರ್ಷ ಹೀಗೆಯೇ ಹೋಯಿತು. ಮನುಷ್ಯ ದುಡಿದು ದಣಿದರೆ ನಿದ್ದೆ ಬರುತ್ತದೆ. ದುಡಿದದ್ದು ದಂಡ ಎಂದು ತಿಳಿದು ದಣಿದರೆ ನಿದ್ದೆಯೂ ಇಲ್ಲ. ಇದನ್ನು ನಾನು ಪಕ್ಕದಲ್ಲಿ ಮಲಗಿ ನೋಡಿದ್ದೇನೆ.

ಎರಡು ಸಾವಿರದ ಒಂದನೆಯ ಇಸವಿ, ಫೆಬ್ರವರಿಯ ಬಿಸಿಲು. ನಮ್ಮ ಚಾಳಿನ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ಆಸುಪಾಸು, ಇಳಕಲ್ ಸೀರೆಯ ಮೇಲೆ ಗಂಡಸರ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಪುಸ್ತಕದ ರಾಯರ ಮನಿ ಇದೇನ್ರಿ?"

ಕನ್ನಡ ಕೇಳಿ ನಾನು ಒಳಗೆ ಕರೆದೆ. ಹೆಸರು ಚಂದಮ್ಮ, ಇಂಡಿ ತಾಲೂಕಿನವಳು. ಕೊಂಢವಾದಲ್ಲಿ ಕಟ್ಟಡಗಳಿಗೆ ನೀರು ಹೊಡೆಯುವ ಕೆಲಸ ಮಾಡುತ್ತಾಳೆ. ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಿ, ಬಾವಿಯಿಂದ ತುಂಬಿಸಿಕೊಂಡು ಗುಡ್ಡದ ಮೇಲಿನ ಸೈಟಿಗೆ ಒಯ್ಯುವುದು. ಗಂಡ ಹೋಗಿ ಎರಡು ವರ್ಷವಾಗಿತ್ತು. ಅವನಿದ್ದಾಗಲೇ ಪಕ್ಕದಲ್ಲಿ ಕೂತು ಓಡಿಸುವುದನ್ನು ಕಲಿತಿದ್ದಳು. ಈಗ ತಾನೇ ಓಡಿಸುತ್ತಾಳೆ.

ಇವರು ಮಂಚದಿಂದ ಎದ್ದು ಬಂದರು. "ಕೂಡವಾ. ಏನಾಗಬೇಕಿತ್ತು?"

"ರಾಯರ, ನಮ್ಮ ಟ್ಯಾಕ್ಟರ್ ನಿಮ್ಮ ಡಿಪೋದ ಹರಾಜಿನ್ಯಾಗ ಬಂದದ್ದರಿ. ಕಾಗದ ಐತಿ ನೋಡ್ರಿ. ಡೀಸೆಲ್ ಪಂಪ ಬಿಚ್ಚಿ ರಿಪೇರಿಗಿ ಕೊಟ್ಟಿದ್ದೆ. ತಿರಗಿ ಕೂಡಿಸೂಮುಂದ ಗುರುತ ತಪ್ಪೇತಿ. ಅಂದಾಜಿನ ಮ್ಯಾಲ ಕೂಡಿಸಿದ್ರು, ಇಂಜಿನ್ ಬಡಕೊಂಡು ಹೆಡ್ಡಿನ ಗ್ಯಾಸ್ಕೆಟ್ ಸುಟ್ಟು ಹೋತು. ಮಿಸ್ತ್ರಿ ಅಂತಾನ, ಇದರ ಪುಸ್ತಕಾ ತಂದು ಕೊಡು, ಇಲ್ಲಾಂದ್ರ ನಾ ಕೈ ಹಚ್ಚಂಗಿಲ್ಲ ಅಂತ."

ಡಿಪೋದ ಗೇಟಿನಲ್ಲಿ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಎದುರಿನ ಚಹಾದಂಗಡಿಯವನು ಪುಸ್ತಕದ ವಿಷಯವೆಂದರೆ ಗಲಗಲಿಯವರೇ ಎಂದು ನಮ್ಮ ಮನೆಯ ದಾರಿ ತೋರಿಸಿದ್ದ.

"ಎಂದಿನ ತನಕ ಬೇಕು?" ಎಂದು ಇವರು ಕೇಳಿದರು.

"ಪಾಡವಾದ ದಿನ ಸೈಟಿನ್ಯಾಗ ಸ್ಲ್ಯಾಬ್ ಹಾಕ್ತಾರ್ರಿ. ಅದರ ಮ್ಯಾಲ ದಿನಾ ನೀರ ಬೀಳಬೇಕು. ಅಷ್ಟರಾಗ ನನ್ನ ಗಾಡಿ ತಯಾರಾದ್ರ ಕೆಲಸ ನಂದು. ಇಲ್ಲಾಂದ್ರ ಹಡಪಸರದಿಂದ ಬ್ಯಾರೆ ಟ್ಯಾಂಕರ್ ತರಸ್ತೀನಿ ಅಂದಾನ ಠೇಕೇದಾರ. ಕೈ ಬಿಟ್ಟ ಕೆಲಸ ಮತ್ತ ಬರೂದಿಲ್ರಿ."

ಪಾಡವಾಕ್ಕೆ, ಅಂದರೆ ಯುಗಾದಿಗೆ, ಆರು ವಾರ ಬಾಕಿ ಇತ್ತು. ಇವರು ಹರಾಜಿನ ಕಾಗದವನ್ನು ಓದಿದರು, ಮಡಿಸಿದರು, ಮತ್ತೆ ಬಿಚ್ಚಿ ಓದಿದರು. "ಹಳದಿ ರಟ್ಟಿನ ಪುಸ್ತಕ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಐದು ವರ್ಷದಲ್ಲಿ ಮೊದಲ ಸಲ ಇವರ ಧ್ವನಿಯಲ್ಲಿ ಜೀವ ಬಂದದ್ದನ್ನು ಕೇಳಿದೆ. ಈ ಹೆಂಗಸಿಗೆ ಪುಸ್ತಕ ಸಿಗಲಪ್ಪಾ ಎಂದು ಅಲ್ಲೇ ಬೇಡಿಕೊಂಡೆ. ನಿಜ ಹೇಳಬೇಕೆಂದರೆ ಬೇಡಿಕೊಂಡದ್ದು ಅವಳ ಸಲುವಾಗಿ ಅಲ್ಲ.

ಮರುದಿನವೇ ಇಬ್ಬರೂ ಕೊಂಢವಾಕ್ಕೆ ಹೋದೆವು. ಲೋಕಲ್ ರೈಲು ಹಿಡಿದು ಪುಣೆ ಸ್ಟೇಶನ್, ಅಲ್ಲಿಂದ ಬಸ್ಸು, ಬಸ್ಸಿಳಿದು ಧೂಳಿನಲ್ಲಿ ಏರು. ಒಂದೇ ಹೆಸರಿನ ಟ್ರ್ಯಾಕ್ಟರಿಗೆ ಮೂರು ನಾಲ್ಕು ಪುಸ್ತಕಗಳಿರುತ್ತವಂತೆ, ಗಾಡಿಯ ನಂಬರು ನೋಡದೆ ಪುಸ್ತಕ ಹುಡುಕಿದರೆ ಶ್ರಮ ವ್ಯರ್ಥ. ಆದರೆ ನಂಬರು ಎಲ್ಲಿ? ಚಂದಮ್ಮನ ಗಂಡ ಪ್ರತಿ ದಸರೆಗೆ, ಖಂಡೆಪೂಜೆಯ ಮುನ್ನಾ ದಿನ, ಟ್ರ್ಯಾಕ್ಟರಿಗೆ ಹೊಸ ಬಣ್ಣ ಹೊಡೆಯುತ್ತಿದ್ದ. ಭಕ್ತಿಯಲ್ಲಿ ನಂಬರಿನ ತಗಡನ್ನೂ ಬಿಟ್ಟಿರಲಿಲ್ಲ. ಬಣ್ಣ, ಅದರ ಮೇಲೆ ಅರಿಷಿಣ ಕುಂಕುಮ, ಮುಂದಿನ ವರ್ಷ ಮತ್ತೆ ಬಣ್ಣ.

ಮಿಸ್ತ್ರಿ ಕೃಷ್ಣಾಜಿ ಸಾಸವಡದ ಕಡೆಯ ಮರಾಠಿಯವನು. ಸೀಮೆಎಣ್ಣೆಯ ಚಿಂದಿ, ಬ್ಲೇಡು ತಂದ. ಇವರು ಅವನಿಗೆ ಕೆರೆಯಲು ಬಿಡಲಿಲ್ಲ. ತಾವೇ ಕೂತು ಒಂದೊಂದೇ ಪದರು ತೆಗೆದರು. ಕೆಂಪು, ನೀಲಿ, ಮತ್ತೆ ಕೆಂಪು. ಎರಡು ತಾಸಿನ ಮೇಲೆ ಐದು ಅಂಕಿ ಕಂಡವು. ಮೊದಲ ಸರಣಿಯ ಗಾಡಿ, ಎಪ್ಪತ್ತರ ಆಸುಪಾಸಿನದು.

"ಏಕ್ ಆಕಡಾ ಪಾಹಿಜೆ ಸಾಹೇಬ" ಎಂದ ಕೃಷ್ಣಾಜಿ. ಅವನಿಗೆ ಬೇಕಾದದ್ದು ಒಂದೇ ಒಂದು ಅಂಕಿ. ಡೀಸೆಲ್ ಇಂಜಿನಿನೊಳಗೆ ಯಾವ ಕ್ಷಣಕ್ಕೆ ಚಿಮ್ಮಬೇಕು ಎಂಬುದಕ್ಕೆ ಒಂದು ಅಳತೆ ಇರುತ್ತದೆ, ಡಿಗ್ರಿಯಲ್ಲಿ ಎಣಿಸುತ್ತಾರೆ. ಅದು ತಪ್ಪಿದರೆ ಬೇಗ ಚಿಮ್ಮಿ ಇಂಜಿನ್ ಬಡಿದುಕೊಳ್ಳುತ್ತದೆ, ಇಲ್ಲವೆ ತಡವಾಗಿ ಚಿಮ್ಮಿ ಹೊಗೆ ಕಾರಿ ಕಾಯುತ್ತದೆ. ನನಗೆ ಇದನ್ನು ಬಸ್ಸಿನಲ್ಲಿ ಹಿಂದಿರುಗುವಾಗ ಇವರೇ ತಿಳಿಸಿದರು.

ಆಮೇಲೆ ಹುಡುಕಾಟ. ಟ್ರ್ಯಾಕ್ಟರ್ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅದರ ಏಜೆನ್ಸಿ ಇದ್ದ ಜಾಗದಲ್ಲಿ ಮೋಟರ್‌ಸೈಕಲ್ ಮಾರುತ್ತಿದ್ದರು. ತಳೇಗಾಂವ ದಾಭಾಡೆಯ ಒಬ್ಬ ಸ್ಪೇರ್‌ಪಾರ್ಟ್ ಅಂಗಡಿಯವನು ಇದೇ ಪುಸ್ತಕ ಎಂದು ಒಂದನ್ನು ಕೊಟ್ಟ. ಮನೆಗೆ ತಂದು ನೋಡಿದರೆ ಅದು ಬರೀ ಭಾಗಗಳ ಪಟ್ಟಿ, ಬೋಲ್ಟು ನಟ್ಟುಗಳ ಚಿತ್ರ. ಅಳತೆ ಒಂದೂ ಇಲ್ಲ.

ಡಿಪೋದ ಹಳೆಯ ಪುಸ್ತಕಗಳು ಎಂಬತ್ತೆಂಟರಲ್ಲಿ ರದ್ದಿಗೆ ಹೋಗಿದ್ದವು. ಇವರೇ ಹಗ್ಗ ಕಟ್ಟಿ ತೂಕಕ್ಕೆ ಹಾಕಿಸಿದ್ದರು. ಪುಣೆಯ ರದ್ದಿಯೆಲ್ಲ ಕೊನೆಗೆ ಜುನಾ ಬಾಜಾರಕ್ಕೇ ಬರುತ್ತದೆ ಎಂಬುದು ಇವರ ನಂಬಿಕೆ. ಬುಧವಾರ, ಭಾನುವಾರ ಅಲ್ಲಿ ಸಂತೆ. ಶಿವಾಜಿನಗರದಲ್ಲಿಳಿದು ಸೇತುವೆ ದಾಟಿ ನಡೆದು ಹೋಗುತ್ತಿದ್ದರು. ತುಕ್ಕು ಹಿಡಿದ ಸ್ಪ್ಯಾನರುಗಳು, ಕೊಳಾಯಿಗಳು, ಒಂಟಿ ಬೂಟುಗಳು, ಅವುಗಳ ನಡುವೆ ಪುಸ್ತಕದ ರಾಶಿ. ಅರವತ್ಮೂರು ವಯಸ್ಸಿನ ಮನುಷ್ಯ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ರಟ್ಟು ತಿರುವುತ್ತಿದ್ದರು. ಸಂಜೆ ಬಂದು ಕಾಲು ನೀಡಿದರೆ ಮೊಣಕಾಲು ಬಾತಿರುತ್ತಿತ್ತು. ನಾನು ಎಣ್ಣೆ ತಿಕ್ಕುತ್ತಾ ಬೈಯುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದೂ ಅಂದೆ. ಇವರು ಬುಧವಾರ ಬೆಳಿಗ್ಗೆ ಮತ್ತೆ ಚೀಲ ಹೆಗಲಿಗೆ ಹಾಕಿದರು.

ಎರಡನೆಯ ವಾರ ಒಂದು ಹಳದಿ ರಟ್ಟು ಸಿಕ್ಕಿತು, ಆದರೆ ಅದು ದೊಡ್ಡ ಇಂಜಿನಿನದು. ಮೂರನೆಯ ವಾರ ಸಿಕ್ಕದ್ದು ನಮಗೆ ಬೇಕಾದ ಗಾಡಿಯದೇ, ಆದರೆ ಹತ್ತು ವರ್ಷ ಆಮೇಲಿನ ಮುದ್ರಣ, ಅರ್ಧ ಗೆದ್ದಲಿನ ಪಾಲಾಗಿತ್ತು. ಚಂದಮ್ಮ ಎರಡು ದಿನಕ್ಕೊಮ್ಮೆ ನಮ್ಮ ಪಕ್ಕದ ಮನೆಗೆ ಫೋನು ಮಾಡುತ್ತಿದ್ದಳು. ಸಿಕ್ಕಿತೇ ಎಂದು ಎಂದೂ ಕೇಳಲಿಲ್ಲ. "ರಾಯರು ಆರಾಮ ಇದ್ದಾರಿಲ್ರಿ?" ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಅದು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಪಾಡವಾಕ್ಕೆ ಎಂಟು ದಿನ ಇರುವಾಗ, ಭಾನುವಾರ, ಇವರು ಮಧ್ಯಾಹ್ನವೇ ಮನೆಗೆ ಬಂದರು. ಚಪ್ಪಲಿ ಬಿಚ್ಚದೆ ಒಳಗೆ ಬಂದದ್ದು ಅದೇ ಮೊದಲು.

"ಸುಲಭಾ, ಇಲ್ಲೆ ಬಾ. ಇದನ್ನ ನೋಡು."

ರೇಡಿಯೋ ಪುಸ್ತಕಗಳ ರಾಶಿಯ ಅಡಿಯಲ್ಲಿ ಸಿಕ್ಕಿತ್ತಂತೆ. ಹಳದಿ ರಟ್ಟು, ಡಿಪೋದ ಸೀಲು. ಮೊದಲ ಪುಟದಲ್ಲಿ ತಾರೀಖಿನ ಸಾಲುಗಳು, ಪ್ರತಿ ಸಾಲಿನ ಕೊನೆಗೆ ಎಂ. ಗಲಗಲಿ, ಎಂ. ಗಲಗಲಿ. ಅರವತ್ಮೂರನೆಯ ಪುಟ ತೆಗೆದು ತೋರಿಸಿದರು. ಇಂಗ್ಲಿಷಿನಲ್ಲಿ ಹದಿನೆಂಟು ಡಿಗ್ರಿ ಎಂದಿತ್ತು. ನನ್ನ ಕಣ್ಣಿಗೆ ಅದು ಅಚ್ಚಾದ ಪುಟದ ಹಾಗೆಯೇ ಕಂಡಿತು.

"ಅದು ಚೀಟಿ" ಎಂದರು. "ಇಪ್ಪತ್ತೈದು ವರ್ಷ ಆತು. ಒಂದು ಅಂಚರೆ ಎದ್ದದ ಏನು? ನಿನ್ನ ಅಂಟು."

ನನಗೆ ಕಣ್ಣು ತುಂಬಿ ಬಂತು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿನಲ್ಲಿ ನನಗೆ ಚಂದಮ್ಮನ ನೆನಪೂ ಇರಲಿಲ್ಲ. ಸೋಮವಾರಗಳ ನೆನಪು ಬಂತು. ಆ ಸೋಮವಾರಗಳು ದಂಡವಾಗಿರಲಿಲ್ಲ ಎನ್ನಿಸಿತು. ಇವರು ಅಂದು ಎರಡು ಸಲ ಅನ್ನ ಹಾಕಿಸಿಕೊಂಡರು.

ಮರುದಿನ ಕೊಂಢವಾಕ್ಕೆ ಹೋಗಿ ಕೃಷ್ಣಾಜಿಗೆ ಪುಟ ತೋರಿಸಿದರು. ಅವನು ಹದಿನೆಂಟಕ್ಕೆ ಪಂಪು ಕೂಡಿಸಿದ. ಇಂಜಿನ್ ಹತ್ತಿತು. ಹತ್ತುವುದಕ್ಕೆ ಸ್ವಲ್ಪ ತಡವಾಯಿತು, ಬಿಳಿ ಹೊಗೆ ಹೆಚ್ಚು ಬಂತು. ಕೃಷ್ಣಾಜಿ ಮುಖ ಕಿವುಚಿ, ಅಂಕಿ ಸರಿ ಇದೆಯೇ ಎಂದು ಮರಾಠಿಯಲ್ಲಿ ಕೇಳಿದ. ಇವರು ಬೆನ್ನು ನೆಟ್ಟಗೆ ಮಾಡಿ, ಪುಸ್ತಕದಲ್ಲಿ ಇದ್ದದ್ದು ಇದೇ, ಈ ಚೀಟಿ ಹಚ್ಚಿದವನು ನಾನೇ ಎಂದರು. ಆಮೇಲೆ ಅವನೇನು ಮಾತಾಡುತ್ತಾನೆ.

ಗುರುವಾರ ಪಕ್ಕದ ಮನೆಗೆ ಫೋನು ಬಂತು. ಟ್ಯಾಂಕರ್ ತುಂಬಿಸಿಕೊಂಡು ಏರು ಹತ್ತುವಾಗ ಇಂಜಿನಿನಲ್ಲಿ ಶಕ್ತಿಯೇ ಇಲ್ಲ. ಮೂರು ದಿನ ಹೇಗೋ ಎಳೆಯಿತು. ನಾಲ್ಕನೆಯ ದಿನ ನಡು ಏರಿನಲ್ಲಿ ನೀರು ಕುದಿದು, ಗ್ಯಾಸ್ಕೆಟ್ ಮತ್ತೆ ಸುಟ್ಟು ನಿಂತುಬಿಟ್ಟಿತು. ಠೇಕೇದಾರ ಅಲ್ಲಿಯೇ ನಿಂತು ನೋಡಿದ. ಸಂಜೆಯೊಳಗೆ ಹಡಪಸರದ ಟ್ಯಾಂಕರ್ ಬಂತು, ಸ್ಲ್ಯಾಬಿನ ಕೆಲಸವೂ ಅದಕ್ಕೇ ಹೋಯಿತು.

ಇದನ್ನೆಲ್ಲ ಹೇಳಿ ಚಂದಮ್ಮ, "ರಾಯರಿಗಿ ಹೇಳಬ್ಯಾಡ್ರಿ ಅವ್ವಾರ. ಭಾಳ ತಿರಗ್ಯಾರ. ಸುಮ್ನ ಮನಸಿಗಿ ಹಚಗೋತಾರ" ಎಂದಳು.

ಹೇಳದಿರಲು ನನ್ನಿಂದ ಆಗಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಕೇಳಿದ ಮೇಲೆ ಒಳಗೆ ಹೋಗಿ ಪುಸ್ತಕ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಕೂತರು. ಭೂತಗನ್ನಡಿ ಬೇಡಿದರು. ಅರ್ಧ ತಾಸು ಅಲುಗಾಡಲಿಲ್ಲ. ಚಹಾ ಇಟ್ಟದ್ದು ಆರಿ ಕೆನೆಗಟ್ಟಿತು.

"ಇಲ್ಲೆ ನೋಡು" ಎಂದರು. ಧ್ವನಿ ಬಿದ್ದುಹೋಗಿತ್ತು. ಚೀಟಿಯ ಕೆಳ ಅಂಚಿನಲ್ಲಿ, ಭೂತಗನ್ನಡಿಯಲ್ಲಿ ನೋಡಿದರೆ ಮಾತ್ರ, ಕೂದಲೆಳೆಯಂಥ ಕಪ್ಪು ಚುಕ್ಕೆಗಳ ಸಾಲು. "ಇವು ಅಕ್ಷರದ ನೆತ್ತಿ. ಇಲ್ಲೆ ಇನ್ನೊಂದು ಸಾಲಿತ್ತು. ನಾನ ಕತ್ತರಿಸೀನಿ."

ನನಗೆ ತಿಳಿಯಲಿಲ್ಲ. ನಿಧಾನವಾಗಿ ಹೇಳಿದರು. ಕಂಪನಿ ಕಳಿಸಿದ ಚೀಟಿ ಪುಟದ ಚೌಕಕ್ಕಿಂತ ಒಂದು ಸಾಲು ಉದ್ದವಿತ್ತು. ಹಾಗೆಯೇ ಹಚ್ಚಿದ್ದರೆ ಗೆರೆಯಿಂದ ಕೆಳಗೆ ಬಾಲ ಬರುತ್ತಿತ್ತು. ಇವರಿಗೆ ಬಾಲ ಸೇರದು. ಕೊನೆಯ ಸಾಲು ಸಣ್ಣ ಅಕ್ಷರದ್ದು, ಮುದ್ರಕರ ಹೆಸರೋ ಏನೋ ಇರಬೇಕೆಂದು ಓದದೆಯೇ ಕತ್ತರಿಸಿ, ಚೀಟಿಯನ್ನು ಹಳೆಯ ಅಳತೆಯ ಮೇಲೆ ಸರಿಯಾಗಿ ಕೂಡಿಸಿದ್ದರು. ಈಗ ಉಳಿದ ನೆತ್ತಿಗಳನ್ನು ಕೂಡಿಸಿ ಓದಿದರೆ ಆ ಸಾಲು ಹೀಗಿತ್ತು: ಈ ಅಳತೆ ಇಂಥ ನಂಬರಿನ ಮುಂದಿನ ಗಾಡಿಗಳಿಗೆ ಮಾತ್ರ.

ಚಂದಮ್ಮನ ಗಾಡಿ ಆ ನಂಬರಿಗಿಂತ ಹಿಂದಿನದು. ಅದಕ್ಕೆ ಬೇಕಾದ ಅಂಕಿ ಚೀಟಿಯ ಅಡಿಯಲ್ಲಿತ್ತು.

"ಡಿಪೋದಾಗ ಎಷ್ಟ ಪುಸ್ತಕಕ್ಕ ಹಚ್ಚಿದ್ರಿ?" ಎಂದು ಕೇಳಿದೆ.

"ಹನ್ನೆರಡು. ಹನ್ನೆರಡಕ್ಕೂ ಹಿಂಗ." ಭೂತಗನ್ನಡಿ ಕೆಳಗಿಟ್ಟು, "ಯಾರೂ ಪುಸ್ತಕಾ ತಗೀಲಿಲ್ಲ ಅಂತ ನಾ ಮೂವತ್ತ ವರ್ಷ ಮರಗಕೋತ ಬಂದೆ. ಅವರು ತಗೀಲಿಲ್ಲ ಅಂತನ ನಾ ಉಳದೆ" ಎಂದರು.

ನನಗೆ ಸಿಟ್ಟು ಬಂದಿತ್ತು, ಇವರ ಮೇಲೆ, ಆ ಕತ್ತರಿಯ ಮೇಲೆ, ಗಂಟಿಲ್ಲದ ಹಾಗೆ ಕುದಿಸಿದ ನನ್ನ ಕೈಯ ಮೇಲೆ. ಎದ್ದು ಹೋಗಿ ಅಗಲ ಪಾತ್ರೆಯಲ್ಲಿ ನೀರು ಕಾಯಿಸಲು ಇಟ್ಟೆ. ಹಿಟ್ಟಿನ ಅಂಟು ಬಿಡುವುದು ಹಬೆಗೆ ಒಂದಕ್ಕೇ. ಇದನ್ನು ಇವರಿಗೆ ಯಾರೂ ಕಲಿಸಿರಲಿಲ್ಲ, ಇವರು ಹಚ್ಚಿದ್ದನ್ನು ಎಂದೂ ಬಿಚ್ಚಿದವರಲ್ಲ. ಅಂಟಿನ ಪಾತ್ರೆ ತಿಕ್ಕಿದವಳು ನಾನು, ನನಗೆ ಗೊತ್ತಿತ್ತು. ಪುಟವನ್ನು ಹಬೆಯ ಮೇಲೆ ಹಿಡಿದೆ, ಬೆರಳು ಸುಟ್ಟವು. ನಾಲ್ಕನೆಯ ಸಲಕ್ಕೆ ಒಂದು ಮೂಲೆ ಎದ್ದಿತು. ಹಂಚಿನ ಮೇಲಿಂದ ದೋಸೆ ಎತ್ತುವಷ್ಟೇ ಸಾವಕಾಶವಾಗಿ ಎತ್ತಿದೆ. ಕೆಳಗೆ ಇಪ್ಪತ್ನಾಲ್ಕು ಡಿಗ್ರಿ ಎಂದಿತ್ತು. ಅಚ್ಚು ಹೊಸದರ ಹಾಗೆ ಉಳಿದಿತ್ತು, ಬೆಳಕು ಕಂಡಿರಲಿಲ್ಲವಲ್ಲ.

ಶುಕ್ರವಾರ ಮತ್ತೆ ಲೋಕಲ್, ಬಸ್ಸು, ಏರು. ನಾನೂ ಹೋದೆ. ಬಸ್ಸಿನಲ್ಲಿ ನಾನೇ ಹೇಳಿದೆ.

"ಅಂಕಿ ಕೊಟ್ಟು ಬರೋಣು. ಹಳೇ ಮುದ್ರಣದ್ದು ಸಿಕ್ತು ಅಂದ್ರ ಆತು. ಯಾಕ ಆತು, ಹೆಂಗ ಆತು ಅಂತ ಆಕಿಗೆ ಏನ ತಿಳೀತದ?"

"ಆಕಿಗೆ ತಿಳಿಯೂದಿಲ್ಲ" ಎಂದರು. ಅಷ್ಟೇ.

ನಾನು ಹಾಗೆ ಹೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಆದರೆ ಮೂವತ್ತೊಂದು ವರ್ಷದಲ್ಲಿ ಈ ಮನುಷ್ಯನಿಗೆ ಸಿಕ್ಕದ್ದು ಆ ಬೀಳ್ಕೊಡುಗೆಯ ಒಂದು ಮಾತು ಮಾತ್ರ. ಅದನ್ನೂ ಕೊಂಢವಾದ ಧೂಳಿನಲ್ಲಿ ಕಳೆದುಕೊಂಡು ಬರುವುದು ನನಗೆ ಬೇಡವಾಗಿತ್ತು.

ಕೃಷ್ಣಾಜಿ ಹೊಸ ಗ್ಯಾಸ್ಕೆಟ್ ಹಾಕಿಟ್ಟಿದ್ದ. ಇವರು ಹೇಳಿದ ಇಪ್ಪತ್ನಾಲ್ಕಕ್ಕೆ ಪಂಪು ಕೂಡಿಸಿದ. ಸಂಜೆ ಐದರ ಹೊತ್ತಿಗೆ ಇಂಜಿನ್ ಒಂದೇ ಸಲಕ್ಕೆ ಹತ್ತಿತು. ಹೊಗೆ ಇಲ್ಲ. ಟ್ಯಾಂಕರ್ ತುಂಬಿ ಕಟ್ಟಿ, ಚಂದಮ್ಮ ಓಡಿಸಿಕೊಂಡು ಏರು ಹತ್ತಿ ಇಳಿದು ಬಂದಳು. ಕೃಷ್ಣಾಜಿ ತಲೆ ಆಡಿಸಿ ಕೈ ತೊಳೆದು ಮನೆಗೆ ಹೋದ. ಗಾಡಿ ತಯಾರಾಗಿತ್ತು, ಅದಕ್ಕೆ ಕೆಲಸ ಇರಲಿಲ್ಲ. ಗುಡ್ಡದ ಮೇಲಿನ ಸೈಟಿನಲ್ಲಿ ಹಡಪಸರದ ಟ್ಯಾಂಕರ್ ನಿಂತದ್ದು ನಮಗೆ ಅಲ್ಲಿಂದಲೇ ಕಾಣುತ್ತಿತ್ತು.

ಚಂದಮ್ಮನ ತಗಡಿನ ಶೆಡ್ಡಿನ ಮುಂದೆ ಒಂದು ಕಲ್ಲಿನ ಮೇಲೆ ಇವರು ಕೂತರು. ಪುಸ್ತಕ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಎತ್ತಿದ ಚೀಟಿಯನ್ನು ಬೇರೆ ಕಾಗದದಲ್ಲಿ ಮಡಿಸಿ ತಂದಿದ್ದರು.

"ಚಂದಮ್ಮ, ಕೇಳವಾ. ಹೋದ ಸೋಮವಾರ ನಾ ಕೊಟ್ಟ ಅಂಕಿ ತಪ್ಪಿತ್ತು. ಪುಸ್ತಕದ್ದು ತಪ್ಪಲ್ಲ. ಮಿಸ್ತ್ರಿದೂ ಅಲ್ಲ, ಅವಾ ಕೇಳಿದ, ನಾನ ಬಾಯಿ ಮುಚ್ಚಿಸಿದೆ. ಈ ಚೀಟಿ ಹಚ್ಚೂಮುಂದ ಕೆಳಗಿನ ಸಾಲು ಓದದ ಕತ್ತರಿಸಿದಾಂವ ನಾನು. ಛಂದ ಕಾಣಲಿ ಅಂತ ಕತ್ತರಿಸಿದೆ. ನಿನ್ನ ಕೆಲಸ ಹೋದದ್ದು ನನ್ನ ಕೈಯಿಂದ."

ಅವಳು ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ಆಗಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಅದಕ್ಕೂ ತಯಾರಾಗಿದ್ದೆ. ಅವಳು ಗುಡ್ಡದ ಕಡೆ ನೋಡಿದಳು.

"ನಮ್ಮ ಮನಿಯಾವ್ರು ಸತ್ತದ್ದು ಈ ಸೈಟಿನ್ಯಾಗ ಅಲ್ರಿ, ಅದರ ಆಚೀಕಿನ ಬಿಲ್ಡಿಂಗಿನ್ಯಾಗ" ಎಂದಳು. "ನೀರ ಹೊಡ್ಯಾಕ ಒಳಗ ಹೋಗಿದ್ರು. ಮ್ಯಾಲಿನ ಸ್ಲ್ಯಾಬ್ ಬಿತ್ತು. ಹಸೀ ಇದ್ದಾಗನ ಆಧಾರದ ಕಟ್ಟಿಗಿ ಯಾರೋ ಬಿಚ್ಚಿದ್ರಂತ. ಯಾರು ಬಿಚ್ಚಂದ್ರು ಅಂತ ಎರಡ ವರ್ಷ ಕೇಳ್ಕೋತ ತಿರಗೀನ್ರಿ. ಇಂಜಿನಿಯರ್ ಠೇಕೇದಾರನ್ನ ತೋರಸ್ತಾನ. ಠೇಕೇದಾರ ಗೌಂಡಿನ್ನ ತೋರಸ್ತಾನ. ಗೌಂಡಿ ಊರಿಗಿ ಹೋಗ್ಯಾನ. ರೊಕ್ಕಾ ಕೊಡ್ರಿ ಅಂತ ನಾ ಯಾರಿಗೂ ಕೇಳಿಲ್ಲ. ತಪ್ಪ ಯಾರದು ಅಷ್ಟ ಹೇಳ್ರಿ ಅಂದೆ. ಒಬ್ರೂ ಹೇಳಲಿಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ, ಧೂಳು.

"ನಂದು ತಪ್ಪು ಅಂತ ನನ್ನ ಮುಂದ ಕುಂತು ಹೇಳಿದಾವ್ರು ನೀವೊಬ್ರ ರಾಯರ. ಕೆಲಸ ಹೋಗಲಿ, ಬ್ಯಾರೆ ಹುಡಕ್ತೀನಿ."

ಇವರು ತಲೆ ತಗ್ಗಿಸಿ ಕೂತೇ ಇದ್ದರು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಒಂದೇ ಮಾತು ಕೇಳಿದರು.

"ಅವನ ಹೆಸರೇನವಾ?"

ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆರು ವಾರದಲ್ಲಿ ಅವಳೂ ಒಮ್ಮೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅವಳು ನನ್ನ ಕಡೆ ನೋಡಿದಳು, ಆಮೇಲೆ ಇವರ ಕಡೆ.

"ಜಟ್ಟೆಪ್ಪ" ಎಂದಳು.

ಇವರು ಆ ಹೆಸರನ್ನು ತಮ್ಮೊಳಗೇ ಒಮ್ಮೆ ಹೇಳಿಕೊಂಡರು, ಅಂದು ಓದದೆ ಕತ್ತರಿಸಿದ ಸಾಲನ್ನು ಈಗ ಓದುವವರ ಹಾಗೆ. ಆಮೇಲೆ ಅತ್ತರು. ಮದುವೆಯಾಗಿ ಮೂವತ್ಮೂರು ವರ್ಷದಲ್ಲಿ ನನ್ನ ಗಂಡ ಅತ್ತದ್ದನ್ನು ನಾನು ನೋಡಿದ್ದು ಅದೊಂದು ಸಲ.